ತೂಕ ಜಾಸ್ತಿ, ಹೊಟ್ಟೆ ಇಲ್ಲ: ಬಿಎಂಐ ಎಷ್ಟು ನಂಬಬೇಕು?

ಓದುಗರ ಆರೋಗ್ಯ ಪ್ರಶ್ನೋತ್ತರ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ತೂಕ, ಎತ್ತರ, ಬಿಎಂಐ ಸುತ್ತಲೇ ಇವೆ. ಅವುಗಳಲ್ಲಿ ಕೆಲವನ್ನು ಆರಿಸಿದ್ದೇವೆ. ಬಿಎಂಐ ಎಂದರೆ ಕೆ.ಜಿ. ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದಾಗ ಬರುವ ಸಂಖ್ಯೆ. ಉತ್ತರ ಕೊಟ್ಟವರು ನಮ್ಮ ಅಂಕಣದ ವೈದ್ಯರು ಮತ್ತು ವ್ಯಾಯಾಮ ತರಬೇತುದಾರರು.

ಪ್ರಶ್ನೆ: ನನಗೆ 28 ವರ್ಷ. ಎತ್ತರ 172 ಸೆಂ.ಮೀ., ತೂಕ 82 ಕೆ.ಜಿ. ಕೆಲವು ವರ್ಷಗಳಿಂದ ಜಿಮ್‌ನಲ್ಲಿ ಭಾರ ಎತ್ತುತ್ತಿದ್ದೇನೆ. ಪ್ಯಾಂಟಿನ ಸೈಜು 32. ಕಂಪನಿಯ ಮೆಡಿಕಲ್ ಚೆಕಪ್‌ನಲ್ಲಿ ಬಿಎಂಐ 27.7 ಎಂದು ಬರೆದು, ಪಕ್ಕದಲ್ಲಿ ‘ಬೊಜ್ಜು’ ಎಂದು ಗುರುತು ಹಾಕಿದ್ದಾರೆ. ಹೊಟ್ಟೆಯೇ ಇಲ್ಲದವನಿಗೆ ಬೊಜ್ಜು ಹೇಗೆ?
— ಓದುಗರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಲೆಕ್ಕದಲ್ಲಿ ತಪ್ಪಿಲ್ಲ. 1.72ನ್ನು 1.72ರಿಂದ ಗುಣಿಸಿದರೆ 2.958. 82ನ್ನು ಅದರಿಂದ ಭಾಗಿಸಿದರೆ 27.7. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 25ರಿಂದ ಅತಿತೂಕ, 30ರಿಂದ ಬೊಜ್ಜು. ಭಾರತೀಯರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುತ್ತದೆ ಎಂಬ ಕಾರಣಕ್ಕೆ ನಮ್ಮ ದೇಶದ ತಜ್ಞರು 2009ರಲ್ಲಿ ಈ ಗೆರೆಗಳನ್ನು 23 ಮತ್ತು 25ಕ್ಕೆ ಇಳಿಸಿದರು. ಆ ಪಟ್ಟಿ ಹಿಡಿದವರು ನಿಮ್ಮ ಹೆಸರಿನ ಮುಂದೆ ಬೊಜ್ಜು ಎಂದು ಬರೆಯುವುದು ಸಹಜ.

ತೊಡಕು ಇರುವುದು ಬಿಎಂಐ ಏನನ್ನು ನೋಡುತ್ತದೆ ಎಂಬುದರಲ್ಲಿ. ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕ್ವೆಟ್ಲೆ 1832ರಲ್ಲಿ ದೊಡ್ಡವರ ತೂಕ ಅವರ ಎತ್ತರದ ವರ್ಗಕ್ಕೆ (ಎತ್ತರವನ್ನು ಎತ್ತರದಿಂದಲೇ ಗುಣಿಸಿದ್ದು) ತಕ್ಕಂತೆ ಏರುತ್ತದೆ ಎಂದು ಗುರುತಿಸಿದರು. ಅವರಿಗೆ ಬೇಕಿದ್ದದ್ದು ಸಮುದಾಯದ ಸರಾಸರಿ, ಒಬ್ಬ ರೋಗಿಯ ತಪಾಸಣೆ ಅವರ ಮನಸ್ಸಿನಲ್ಲೇ ಇರಲಿಲ್ಲ. ಅಮೆರಿಕದ ಆನ್ಸೆಲ್ ಕೀಸ್ 1972ರಲ್ಲಿ ಅದೇ ಸೂತ್ರಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂಬ ಹೆಸರಿಟ್ಟರು. ಸೂತ್ರದೊಳಗೆ ಹೋಗುವುದು ಎರಡೇ ಸಂಖ್ಯೆ, ಎತ್ತರ ಮತ್ತು ತೂಕ. ಆ ತೂಕ ಮಾಂಸಖಂಡದ್ದೋ, ಕೊಬ್ಬಿನದೋ, ನೀರಿನದೋ ಅದಕ್ಕೆ ತಿಳಿಯುವುದಿಲ್ಲ.

ನಿಮ್ಮ ಮೈಯಲ್ಲಿ ಶೇ. 16ರಷ್ಟು ಕೊಬ್ಬಿದೆ ಎಂದಿಟ್ಟುಕೊಳ್ಳಿ. 82 ಕೆ.ಜಿ.ಯಲ್ಲಿ ಅದು ಸುಮಾರು 13 ಕೆ.ಜಿ. ಇದೇ ಎತ್ತರ, ಇದೇ ತೂಕದ ಇನ್ನೊಬ್ಬರಲ್ಲಿ ಕೊಬ್ಬು ಶೇ. 30 ಇದ್ದರೆ ಅದು 24 ಕೆ.ಜಿ. ದಾಟುತ್ತದೆ. ಇಬ್ಬರಿಗೂ ಬಿಎಂಐ 27.7. ಒಳಗೆ 11 ಕೆ.ಜಿ. ಕೊಬ್ಬಿನ ಅಂತರ. ಆದ್ದರಿಂದ ಕಟ್ಟುಮಸ್ತಾದ ಮೈಯವರಿಗೆ ಬಿಎಂಐ ಒಂದನ್ನೇ ಹಿಡಿದು ಬೊಜ್ಜು ಎಂದು ತೀರ್ಮಾನಿಸುವುದು ನ್ಯಾಯವಲ್ಲ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವೂ 2025ರ ಜನವರಿಯಲ್ಲಿ ಇದನ್ನೇ ಹೇಳಿತು: ಬಿಎಂಐ ಹೆಚ್ಚು ಬಂದರೆ ಸೊಂಟದ ಸುತ್ತಳತೆಯಂಥ ಇನ್ನೊಂದು ಅಳತೆಯಿಂದ ಖಚಿತಪಡಿಸಿಕೊಳ್ಳಬೇಕು, ಇಲ್ಲವೇ ಕೊಬ್ಬನ್ನೇ ನೇರವಾಗಿ ಅಳೆಯಬೇಕು.

ನಿಮಗೆ ಈಗ ಬೇಕಿರುವುದು ದರ್ಜಿಯ ಟೇಪು. ಪ್ಯಾಂಟಿನ ಸೈಜನ್ನು ನೆಚ್ಚಬೇಡಿ. 32 ಎಂದು ಚೀಟಿ ಹಚ್ಚಿದ ಪ್ಯಾಂಟು ಎಷ್ಟೋ ಸಲ ಎರಡು ಇಂಚು ದೊಡ್ಡದಿರುತ್ತದೆ. ಮೇಲಾಗಿ ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ, ಹೊಟ್ಟೆಯ ಮೇಲಲ್ಲ.

ಅಳೆಯುವ ಕ್ರಮ ಹೀಗೆ. ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು, ಅಂಗಿ ಬನಿಯನ್ ತೆಗೆದು ನಿಲ್ಲಿ. ಪಾದಗಳು ಹತ್ತಿರ ಇರಲಿ, ಕೈಗಳು ಪಕ್ಕಕ್ಕೆ. ಬೆರಳಿನಿಂದ ಒತ್ತಿ ಕೊನೆಯ ಪಕ್ಕೆಲುಬಿನ ಕೆಳಗಿನ ಅಂಚು ಹುಡುಕಿ ಪೆನ್ನಿನಿಂದ ಗುರುತು ಹಾಕಿ. ಸೊಂಟದ ಮೂಳೆಯ ಮೇಲಿನ ಅಂಚಿಗೆ ಇನ್ನೊಂದು ಗುರುತು. ಎರಡರ ನಟ್ಟನಡುವೆ ಟೇಪು ಸುತ್ತಬೇಕು. ಹೊಕ್ಕುಳ ಎಲ್ಲಿದೆ ಎಂದು ನೋಡಬೇಡಿ, ಹೊಟ್ಟೆ ಜೋತುಬಿದ್ದವರಲ್ಲಿ ಅದೂ ಕೆಳಗೆ ಇಳಿದಿರುತ್ತದೆ. ಬೆನ್ನ ಹಿಂದೆ ಟೇಪು ಓರೆಯಾಗದಂತೆ ಕನ್ನಡಿಯಲ್ಲಿ ನೋಡಿಕೊಳ್ಳಿ. ಚರ್ಮಕ್ಕೆ ತಾಗಬೇಕು, ಒತ್ತಬಾರದು. ಹೊಟ್ಟೆ ಒಳಗೆ ಎಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಿ. ಎರಡು ಸಲ ಅಳೆಯಿರಿ, 1 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಮೊದಲಿನಿಂದ. ಹಳೆಯ ಟೇಪು ಎಳೆದೆಳೆದು ಉದ್ದವಾಗಿರುತ್ತದೆ, ಒಂದು ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ.

ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ಇದಕ್ಕಿಂತ ಚೊಕ್ಕ ನಿಯಮ ಇನ್ನೊಂದಿದೆ: ಸೊಂಟದ ಅಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ನಿಮ್ಮ ಎತ್ತರಕ್ಕೆ ಆ ಗಡಿ 86 ಸೆಂ.ಮೀ. ಟೇಪು 81, 82 ತೋರಿಸಿದರೆ ನಿಮ್ಮ ಹೆಚ್ಚಿನ ತೂಕ ಹೊಟ್ಟೆಯದಲ್ಲ ಎಂದು ಧೈರ್ಯವಾಗಿ ಹೇಳಬಹುದು. ಆದರೆ 90 ಬಂದರೆ ಕಂಪನಿಯ ಡಾಕ್ಟರು ಬರೆದದ್ದನ್ನು ಒಪ್ಪಿಕೊಳ್ಳಿ, ತೋಳು ಎಷ್ಟೇ ದಪ್ಪವಿರಲಿ.

ಮುಂದಿನ ಚೆಕಪ್‌ನಲ್ಲಿ ಸೊಂಟದ ಅಳತೆ, ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ) ಮತ್ತು ಕೊಲೆಸ್ಟರಾಲ್ ವಿವರಗಳನ್ನೂ ಕಡತಕ್ಕೆ ಸೇರಿಸಲು ಕೇಳಿಕೊಳ್ಳಿ. ವಿಮೆಯವರು ಬಿಎಂಐ ನೋಡಿ ಪ್ರೀಮಿಯಂ ಏರಿಸಲು ಬಂದಾಗಲೂ ಈ ಕಾಗದಗಳೇ ನೆರವಿಗೆ ಬರುತ್ತವೆ.

ಒಂದು ಮಾತು ಕಡ್ಡಾಯವಾಗಿ ಹೇಳಬೇಕು. ಮೈಕಟ್ಟು ಬೇಗ ಬರಲೆಂದು ಜಿಮ್‌ಗಳಲ್ಲಿ ಗುಟ್ಟಾಗಿ ಸಿಗುವ ಅನಬಾಲಿಕ್ ಸ್ಟೆರಾಯ್ಡ್ ಚುಚ್ಚಿಸಿಕೊಂಡವರಿಗೆ ಸೊಂಟದ ಅಳತೆ ಚೆನ್ನಾಗಿಯೇ ಬರುತ್ತದೆ. ಒಳಗೆ ಒಳ್ಳೆಯ ಕೊಲೆಸ್ಟರಾಲ್ ಎಚ್‌ಡಿಎಲ್ ಕುಸಿದಿರುತ್ತದೆ, ರಕ್ತ ಗಟ್ಟಿಯಾಗುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ, ವೀರ್ಯಾಣು ಕಡಿಮೆಯಾಗುತ್ತದೆ. ಇದನ್ನು ಬಿಎಂಐ ಆಗಲಿ ಟೇಪಾಗಲಿ ತೋರಿಸುವುದಿಲ್ಲ. ಚುಚ್ಚಿಸಿಕೊಂಡಿದ್ದರೆ ವೈದ್ಯರ ಮುಂದೆ ಮುಚ್ಚಿಡಬೇಡಿ.

ಪ್ರಶ್ನೆ: ನಮ್ಮ ಯಜಮಾನರು ರೈಸ್ ಮಿಲ್ಲಿನಲ್ಲಿ ಹಮಾಲರು. ವಯಸ್ಸು 45, ಎತ್ತರ 165 ಸೆಂ.ಮೀ., ತೂಕ 74 ಕೆ.ಜಿ. ಟೇಪು ಹಿಡಿದರೆ ಹೊಟ್ಟೆ 93 ಸೆಂ.ಮೀ. ಇದೆ. ‘ಚೀಲ ಹೊರೋ ಮೈ ಇದು, ಎಲ್ಲಾ ಗಟ್ಟಿ ಮಾಂಸ’ ಅಂತಾರೆ. ಅವರ ಅಣ್ಣನಿಗೆ ಸಕ್ಕರೆ ಕಾಯಿಲೆ ಇದೆ. ಏನು ಮಾಡಬೇಕು?
— ಓದುಗರು, ಗಂಗಾವತಿ

ಉತ್ತರ: ಅಕ್ಕಾ, ನಿಮ್ಮ ಅನುಮಾನ ಸರಿಯಾಗಿದೆ. ಅವರ ಬಿಎಂಐ 27.2. ಮೇಲಿನ ಪತ್ರದ ಯುವಕನದಕ್ಕೆ ಹೆಚ್ಚುಕಡಿಮೆ ಸಮ. ಸೊಂಟ ಮಾತ್ರ ಬೇರೆ ಕಥೆ ಹೇಳುತ್ತಿದೆ. ಅವರ ಎತ್ತರದ ಅರ್ಧ 82.5, ಟೇಪು ತೋರಿಸಿದ್ದು 93. ಭುಜ, ಬೆನ್ನು, ತೊಡೆಯಲ್ಲಿ ಗಟ್ಟಿ ಮಾಂಸ ಇರುವುದು ನಿಜ. ಹೊಟ್ಟೆಯ ಸುತ್ತ ಬೆಳೆದದ್ದು ಮಾಂಸವಲ್ಲ. ಕರುಳು, ಯಕೃತ್ತಿನ ಸುತ್ತ ಕೂರುವ ಆ ಕೊಬ್ಬೇ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುವುದು. ಹೊಟ್ಟೆ ಮುಟ್ಟಿದರೆ ಗಟ್ಟಿ ಇದೆ ಎಂಬುದು ಸಮಾಧಾನದ ಮಾತಲ್ಲ. ಚರ್ಮದ ಕೆಳಗಿನ ಕೊಬ್ಬು ಮೆತ್ತಗೆ ಕೈಗೆ ಸಿಗುತ್ತದೆ, ಒಳಗಿನ ಕೊಬ್ಬು ಹೊಟ್ಟೆಯನ್ನು ಒಳಗಿನಿಂದ ಬಿಗಿಯಾಗಿ ನೂಕುತ್ತದೆ.

ಕೂಡಲೇ ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಎಚ್‌ಬಿಎ1ಸಿ ಮಾಡಿಸಿ. ಖಾಲಿ ಹೊಟ್ಟೆಯಲ್ಲಿ 100ರಿಂದ 125 ಇದ್ದರೆ ಕಾಯಿಲೆಯ ಹೊಸ್ತಿಲು, 126 ಅಥವಾ ಮೇಲಿದ್ದರೆ ಕಾಯಿಲೆ. ಎಚ್‌ಬಿಎ1ಸಿಗೆ 5.7ರಿಂದ 6.4 ಹೊಸ್ತಿಲು, 6.5ರಿಂದ ಕಾಯಿಲೆ. ಕಾಯಿಲೆಯ ಲಕ್ಷಣವೇನೂ ಇಲ್ಲದಿದ್ದರೆ ಇನ್ನೊಂದು ಸಲ ಪರೀಕ್ಷಿಸಿಯೇ ಖಚಿತಪಡಿಸುತ್ತಾರೆ. ರಕ್ತದಲ್ಲಿನ ಕೊಬ್ಬು ಟ್ರೈಗ್ಲಿಸರೈಡ್ 150 ದಾಟಿದೆಯೇ, ಎಚ್‌ಡಿಎಲ್ 40ಕ್ಕಿಂತ ಕೆಳಗಿದೆಯೇ ಎಂದೂ ನೋಡಿಸಿ.

ಹಮಾಲಿ ಕೆಲಸದವರಿಗೆ ಊಟ ಕಡಿಮೆ ಮಾಡಿ ಎಂದು ಹೇಳುವುದು ಸುಲಭ, ಅವರು ಮಧ್ಯಾಹ್ನಕ್ಕೇ ಸುಸ್ತಾಗಿ ಬೀಳುತ್ತಾರೆ. ಕೆಲಸದ ಹೊತ್ತಿನ ಊಟ ಮುಟ್ಟಬೇಡಿ. ರಾತ್ರಿಯ ತಟ್ಟೆಯನ್ನು ಸರಿಮಾಡಿ: ಅನ್ನ ಅರ್ಧಕ್ಕೆ ಇಳಿಸಿ, ಆ ಜಾಗಕ್ಕೆ ಹೆಸರುಕಾಳು ಅಥವಾ ಮಡಿಕೆಕಾಳಿನ ಪಲ್ಯ, ಮೊಟ್ಟೆ, ಮೊಸರು, ಪುಂಡಿ ಪಲ್ಯ ಬರಲಿ. ಅನ್ನ ಬಿಟ್ಟು ಜೋಳದ ರೊಟ್ಟಿ ತಿಂದರೆ ಸಾಕು ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ನಾಲ್ಕು ರೊಟ್ಟಿಯ ಹಿಟ್ಟೂ ಹಿಟ್ಟೇ, ಲೆಕ್ಕ ಇಟ್ಟು ತಿನ್ನಬೇಕು. ದಿನಕ್ಕೆ ಆರೇಳು ಸಲ ಸಿಹಿ ಚಹಾ, ಸಂಜೆ ಮಿರ್ಚಿ ಮಂಡಕ್ಕಿ, ಆಮೇಲೆ ಕುಡಿತ ಇದ್ದರೆ ಮೊದಲು ಕತ್ತರಿ ಹಾಕಬೇಕಾದದ್ದು ಅಲ್ಲಿ.

ಪ್ರಶ್ನೆ: ನಮ್ಮ ಜಿಮ್‌ನ ತೂಕದ ಮಷಿನ್ ಕೊಬ್ಬು ಎಷ್ಟು ಎಂದೂ ಹೇಳುತ್ತದೆ. ಬೆಳಿಗ್ಗೆ ಶೇ. 19, ಸಂಜೆ ಶೇ. 23. ಯಾವುದು ಸತ್ಯ?
— ಓದುಗರು, ಸಿಂಧನೂರು

ಉತ್ತರ: ಎರಡನ್ನೂ ಪಟ್ಟುಹಿಡಿದು ನಂಬಬೇಡಿ. ಆ ಮಷಿನ್ ಕೊಬ್ಬನ್ನು ನೋಡುವುದೇ ಇಲ್ಲ. ಪಾದದಿಂದ ಪಾದಕ್ಕೆ ಸಣ್ಣ ವಿದ್ಯುತ್ ಹರಿಸಿ, ಎಷ್ಟು ಅಡ್ಡಿಯಾಯಿತು ಎಂದು ಅಳೆಯುತ್ತದೆ. ನೀರು ತುಂಬಿದ ಮಾಂಸಖಂಡದಲ್ಲಿ ವಿದ್ಯುತ್ ಸಲೀಸಾಗಿ ಹೋಗುತ್ತದೆ, ಕೊಬ್ಬಿನಲ್ಲಿ ತಡೆಯುತ್ತದೆ. ಉಳಿದದ್ದು ವಯಸ್ಸು, ಎತ್ತರ ಸೇರಿಸಿ ಮಾಡುವ ಅಂದಾಜು. ನಮ್ಮ ಬೇಸಿಗೆಯಲ್ಲಿ ದಿನವಿಡೀ ಬೆವರಿ ನೀರು ಕಡಿಮೆಯಾದಾಗ ಅಡ್ಡಿ ಹೆಚ್ಚುತ್ತದೆ, ಮಷಿನ್ ಅದನ್ನೇ ಕೊಬ್ಬು ಎಂದು ಓದುತ್ತದೆ. ಹಿಮ್ಮಡಿ ಒಡೆದು ಚರ್ಮ ಒಣಗಿ ದಪ್ಪವಾಗಿದ್ದರೂ ಇದೇ ತಪ್ಪು. ಕಸರತ್ತು ಮುಗಿದ ತಕ್ಷಣ ಮೈ ಬಿಸಿ ಇರುವಾಗ ಉಲ್ಟಾ, ಕಡಿಮೆ ತೋರಿಸಬಹುದು.

ವಾರಕ್ಕೊಮ್ಮೆ, ಬೆಳಿಗ್ಗೆ, ಮೂತ್ರ ಮಾಡಿ, ತಿನ್ನುವ ಮೊದಲು, ಪಾದ ತೊಳೆದು ತುಸು ತೇವ ಇರುವಾಗ, ಗಟ್ಟಿ ನೆಲದ ಮೇಲಿಟ್ಟ ಅದೇ ಮಷಿನ್ ಹತ್ತಿ. ಎರಡು ಮೂರು ತಿಂಗಳಲ್ಲಿ ಸಂಖ್ಯೆ ಯಾವ ಕಡೆ ವಾಲುತ್ತಿದೆ ಎಂಬುದಷ್ಟೇ ಮುಖ್ಯ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಹತ್ತಲೇಬಾರದು. ಇನ್ನೂ ನಿಖರ ಬೇಕೆಂದರೆ ಎಕ್ಸ್-ರೇ ಬಳಸುವ ಡೆಕ್ಸಾ ಸ್ಕ್ಯಾನ್ ಇದೆ. ಮೂಳೆ ಸಾಂದ್ರತೆಗೆ ಮಾಡುವ ಸ್ಕ್ಯಾನೇ ಬೇಡ, ಇಡೀ ದೇಹದ ಕೊಬ್ಬಿನ ವಿವರ ಕೊಡುವಂಥದ್ದು ಬೇಕು ಎಂದು ಮೊದಲೇ ಕೇಳಿ. ಪೈಪೋಟಿಗೆ ಇಳಿಯದ ಸಾಮಾನ್ಯ ವ್ಯಾಯಾಮಪಟುವಿಗೆ ಆ ಖರ್ಚು ಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಮಗಳು ಕಬಡ್ಡಿ ಆಡುತ್ತಾಳೆ. 19 ವರ್ಷ, 160 ಸೆಂ.ಮೀ., 62 ಕೆ.ಜಿ. ಬಿಎಂಐ 24 ದಾಟಿದೆ, ರಾತ್ರಿ ಊಟ ಬಿಡಿಸಿ ಎನ್ನುತ್ತಾರೆ ಮನೆಯ ಹಿರಿಯರು.
— ಓದುಗರು, ಕುಷ್ಟಗಿ

ಉತ್ತರ: ಬಿಡಿಸಬೇಡಿ. ಸೊಂಟ 80 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಆ ತೂಕ ಅವಳ ಆಟಕ್ಕೆ ಬೇಕಾದದ್ದು. ನೀವು ಗಮನಿಸಬೇಕಾದದ್ದು ಬೇರೆ: ಮುಟ್ಟು ತಿಂಗಳಿಗೆ ಸರಿಯಾಗಿ ಬರುತ್ತಿದೆಯೇ, ಹಿಮೋಗ್ಲೋಬಿನ್ 12 ಇದೆಯೇ. ಆಟಗಾರ್ತಿಯರಲ್ಲಿ ಮುಟ್ಟು ಮೂರು ತಿಂಗಳು ನಿಂತರೆ ಶ್ರಮಕ್ಕೆ ತಕ್ಕ ಊಟ ಸಿಗುತ್ತಿಲ್ಲ ಎಂಬ ಸೂಚನೆ ಇರಬಹುದು, ಮೂಳೆಗೂ ಅದು ಕೆಡುಕು. ಆಗ ವೈದ್ಯರಿಗೆ ತೋರಿಸಲೇಬೇಕು.

ಅಂದಹಾಗೆ, 18 ವರ್ಷದೊಳಗಿನ ಮಕ್ಕಳಿಗೆ ದೊಡ್ಡವರ 23, 25ರ ಗೆರೆ ಹಾಕಬಾರದು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲಿ ತಂದ, ವಯಸ್ಸಿಗೆ ತಕ್ಕ ನಕ್ಷೆಯಲ್ಲಿ ನೋಡಬೇಕು.

ಪ್ರಶ್ನೆ: ಒಂದು ಕಾಲಕ್ಕೆ ಗರಡಿಯಲ್ಲಿ ಸಾಮು ಮಾಡಿದವನು. ಈಗ 66. ಕುಸ್ತಿ ಬಿಟ್ಟು ಬಹಳ ಕಾಲವಾಯಿತು, ಆದರೂ ತೂಕ ಅಂದಿನಷ್ಟೇ ಇದೆ. ಖುಷಿ ಪಡಬಹುದಲ್ಲವೇ?
— ಓದುಗರು, ಸಿರುಗುಪ್ಪ

ಉತ್ತರ: ಹಿರಿಯರೇ, ತೂಕ ಅಷ್ಟೇ ಇರುವುದೇ ನಮಗೆ ಚಿಂತೆ. ಸಾಮು ನಿಂತ ಮೇಲೆ ತೊಡೆ, ತೋಳಿನ ಮಾಂಸ ವರ್ಷವರ್ಷ ಕರಗುತ್ತದೆ. ತೂಕ ಇಳಿದಿಲ್ಲವೆಂದರೆ ಆ ಜಾಗಕ್ಕೆ ಕೊಬ್ಬು ಬಂದು ಕೂತಿದೆ. ಬಿಎಂಐ ಅಲುಗಾಡುವುದಿಲ್ಲ, ಮೈ ಮಾತ್ರ ಬದಲಾಗಿರುತ್ತದೆ. ಇಂಥದ್ದು ಕುಸ್ತಿ ಆಡದವರಲ್ಲೂ ಇದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರದೇ ಅಳತೆ ಪ್ರಕಟಿಸಿದರು. ಇಬ್ಬರಿಗೂ ಬಿಎಂಐ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ಸಣಕಲು ಕಾಣುವ ನಮ್ಮವರ ಒಳಗೂ ಕೊಬ್ಬು ಅಡಗಿರುತ್ತದೆ.

ಮನೆಯಲ್ಲೇ ಎರಡು ಪರೀಕ್ಷೆ ಮಾಡಿ. ಮೀನಖಂಡದ ಅತಿ ದಪ್ಪ ಭಾಗಕ್ಕೆ ಟೇಪು ಸುತ್ತಿ: ಗಂಡಸರಿಗೆ 34 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಮಾಂಸ ಸವೆದಿರುವ ಶಂಕೆ. ಆಮೇಲೆ ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂತು ಮಾಡಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಕಾಲಿನ ಕಸುವು ತಗ್ಗಿದೆ. ಕುರ್ಚಿ ಗೋಡೆಗೆ ಒರಗಿರಲಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ. ಬಿಪಿ, ಹೃದಯ ತೋರಿಸಿಕೊಂಡು ಬೈಠಕ್‌ಗಳನ್ನು ಕುರ್ಚಿ ಹಿಡಿದು ನಿಧಾನವಾಗಿ ಮತ್ತೆ ಶುರು ಮಾಡಿ. ಹಳೆಯ ಲೆಕ್ಕದ ನೂರು ಬೈಠಕ್ ಮೊದಲ ದಿನವೇ ಬೇಡ, ಹತ್ತರಂತೆ ಎರಡು ಸಲ ಸಾಕು.

ಪ್ರಶ್ನೆ: ಜಿಮ್ ಮಾಡುವ ನನಗೆ ಕ್ರಿಯಾಟಿನಿನ್ 1.4, ಎಸ್‌ಜಿಒಟಿ ಹೆಚ್ಚು, ಬಿಪಿಯೂ ಹೆಚ್ಚು ಬಂದಿದೆ. ಮೂರೂ ಮಾಂಸಖಂಡದ ಕಾರಣಕ್ಕೇ ಎಂದು ಕೋಚ್ ಹೇಳುತ್ತಾರೆ.
— ಓದುಗರು, ರಾಯಚೂರು

ಉತ್ತರ: ಇರಬಹುದು, ಪರೀಕ್ಷಿಸದೆ ಒಪ್ಪಬೇಡಿ. ಕಿಡ್ನಿ ಹೊರಹಾಕುವ ತ್ಯಾಜ್ಯವಾದ ಕ್ರಿಯಾಟಿನಿನ್ ಹುಟ್ಟುವುದೇ ಮಾಂಸಖಂಡದಿಂದ. ಹಿಂದಿನ ರಾತ್ರಿಯ ಮಟನ್, ಕ್ರಿಯಾಟಿನ್ ಪುಡಿ ಎರಡೂ ಅದನ್ನು ಏರಿಸುತ್ತವೆ. ಕಿಡ್ನಿ ನಿಜಕ್ಕೂ ಸರಿಯಿದೆಯೇ ಎಂದು ತಿಳಿಯಲು ಮಾಂಸಖಂಡವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್ ಸಿ ಪರೀಕ್ಷೆ ಮತ್ತು ಮೂತ್ರದ ಆಲ್ಬುಮಿನ್ ನೋಡಿಸಿ. ಎಸ್‌ಜಿಒಟಿ ಎಂಬ ಕಿಣ್ವ ಯಕೃತ್ತಿನಲ್ಲಿ ಇರುವಂತೆ ಮಾಂಸಖಂಡದಲ್ಲೂ ಇದೆ, ಭಾರ ಎತ್ತಿದ ಮೇಲೆ ಹಲವು ದಿನ ಏರಿಯೇ ಇರುತ್ತದೆ. ಒಂದು ವಾರ ಕಸರತ್ತು ನಿಲ್ಲಿಸಿ ಮರುಪರೀಕ್ಷೆ ಮಾಡಿಸಿ, ಜೊತೆಗೆ ಮಾಂಸಖಂಡದ ಕಿಣ್ವ ಸಿಕೆ ಮತ್ತು ಯಕೃತ್ತಿನ ಕಿಣ್ವ ಜಿಜಿಟಿ. ಸಿಕೆ ಹೆಚ್ಚಿದ್ದು ಜಿಜಿಟಿ ಸರಿಯಿದ್ದರೆ ಮಾಂಸಖಂಡದ ಕಡೆಗೇ ಬೆರಳು ಹೋಗುತ್ತದೆ.

ಬಿಪಿಯದು ಅಳೆಯುವಾಗ ತೋಳಿಗೆ ಕಟ್ಟುವ ಪಟ್ಟಿಯ ಪ್ರಶ್ನೆ. ರಟ್ಟೆಯ ನಡುಭಾಗ ಅಳೆಯಿರಿ. ಕ್ಲಿನಿಕ್ಕುಗಳಲ್ಲಿ ಇರುವ ಸಾಮಾನ್ಯ ಪಟ್ಟಿ ಸುಮಾರು 22ರಿಂದ 32 ಸೆಂ.ಮೀ. ತೋಳಿಗೆ ಮಾಡಿದ್ದು. 36, 38 ಸೆಂ.ಮೀ. ತೋಳಿಗೆ ಅದನ್ನೇ ಬಿಗಿದರೆ ಮೇಲಿನ ಬಿಪಿ ಸುಮಾರು 5 ಮಿ.ಮೀ. ಹೆಚ್ಚು ಬರುತ್ತದೆ, ತೋಳು ಇನ್ನೂ ದಪ್ಪವಿದ್ದರೆ ತಪ್ಪು ಮತ್ತಷ್ಟು ದೊಡ್ಡದು. ದೊಡ್ಡ ಪಟ್ಟಿ ಕೇಳಿ ಕಟ್ಟಿಸಿಕೊಳ್ಳಿ. ಅಳೆಯುವ ಮುನ್ನ ಐದು ನಿಮಿಷ ಬೆನ್ನು ಒರಗಿಸಿ ಕೂತಿರಿ, ಅರ್ಧ ಗಂಟೆಯ ಒಳಗೆ ಚಹಾ, ಸಿಗರೇಟು, ಕಸರತ್ತು ಬೇಡ. ಸರಿಯಾದ ಪಟ್ಟಿಯಲ್ಲೂ ಎರಡು ಮೂರು ದಿನ 140/90 ದಾಟಿದರೆ ಅದು ನಿಜವಾದ ಬಿಪಿ. ಕೋಚ್ ಏನೇ ಹೇಳಲಿ, ವೈದ್ಯರು ನೋಡುವವರೆಗೆ ಉಸಿರು ಬಿಗಿಹಿಡಿದು ಎತ್ತುವ ದೊಡ್ಡ ಭಾರಗಳನ್ನು ನಿಲ್ಲಿಸಿ.