ಅಂಗಳಕ್ಕೆ ಕಪ್ಪು ಬೆಕ್ಕಿನ ಮರಿ ಬಂದರೆ ಅಪಶಕುನವೇ?

ಉಡುಪಿಯ ಬಾಡಿಗೆ ಮನೆಯ ಅಂಗಳಕ್ಕೆ ಕಪ್ಪು ಬೆಕ್ಕಿನ ಮರಿ ಬಂದಿದೆ, ಅದು ಅಪಶಕುನ, ಮಲ್ಪೆಯ ಮೀನುಗಾರಿಕೆ ಬಂದರಿನಲ್ಲಿ ಬಿಟ್ಟು ಬನ್ನಿ ಅಂತ ಮನೆಯ ಯಜಮಾನರು ಹೇಳುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ.

ನಮ್ಮ ಅಜ್ಜಿಗೆ ದಾರಿಗೆ ಅಡ್ಡ ಬಂದ ಬೆಕ್ಕು ಯಾವ ಬಣ್ಣದ್ದಾದರೂ ಅಪಶಕುನವೇ. ಒಳಗೆ ಬಂದು, ನೀರು ಕುಡಿದು, ಸ್ವಲ್ಪ ಕೂತು ಮತ್ತೆ ಹೊರಡುತ್ತಿದ್ದರು. ಆದರೆ ಕಲ್ಲು ಹೊಡೆದವರಲ್ಲ. ಮಧ್ಯಾಹ್ನ ಅದೇ ಬೆಕ್ಕಿಗೆ ಬೂತಾಯಿ ಮೀನಿನ ತಲೆ ಹಾಕುತ್ತಿದ್ದರು. ಕಪ್ಪು ಬಣ್ಣದ ಮೇಲೆ ಇಷ್ಟು ಭಯ ಯಾಕೆ? ಯುರೋಪಿನಲ್ಲಿ ಇದು ಹಳೆಯ ಕತೆ. 1233ರಲ್ಲಿ ಪೋಪ್ ಒಂಬತ್ತನೇ ಗ್ರೆಗರಿ ಬರೆದ ಪತ್ರದಲ್ಲಿ ಸೈತಾನನ ಆರಾಧಕರ ವರ್ಣನೆಯ ನಡುವೆ ಕಪ್ಪು ಬೆಕ್ಕು ಬರುತ್ತದೆ. ಆಮೇಲೆ ಮಾಟಗಾತಿಯರ ಜೊತೆಗೂ ಅದನ್ನು ಸೇರಿಸಿದರು. ಜಪಾನಿನಲ್ಲಿ, ಬ್ರಿಟನ್ನಿನ ಹಲವು ಕಡೆ ಅದೇ ಬೆಕ್ಕು ಅದೃಷ್ಟದ್ದು. ಶಕುನ ಬೆಕ್ಕಿನಲ್ಲಿದ್ದರೆ ಎಲ್ಲ ಕಡೆ ಒಂದೇ ಥರ ಇರಬೇಕಿತ್ತು, ಅಲ್ವಾ?

ಕೂದಲಿನಲ್ಲಿ ಕಪ್ಪು, ಹಳದಿ ಬಣ್ಣ ಹಂಚುವ ಜೀನ್ ಒಂದಿದೆ. ಅದರ ಕೆಲಸ ಮಾಡದ ರೂಪ ತಂದೆ, ತಾಯಿ ಇಬ್ಬರಿಂದಲೂ ಬಂದರೆ ಕೂದಲು ಪೂರ್ತಿ ಕಪ್ಪಾಗಬಹುದು. ಅದಕ್ಕೇ ಪಟ್ಟೆಯ ತಾಯಿಗೂ ಕಪ್ಪು ಮರಿ ಹುಟ್ಟುತ್ತದೆ. ನಿಮ್ಮ ಮರಿಯನ್ನು ಬಿಸಿಲಲ್ಲಿ ನೋಡಿ. ಮೈಮೇಲೆ ಮಸುಕಾದ ಪಟ್ಟೆಗಳು ಕಂಡರೂ ಕಂಡಾವು, ತುಂಬ ಚೆಂದ.

ಮಲ್ಪೆಯಲ್ಲಿ ಮೀನು ಬೇಕಾದಷ್ಟಿದೆ, ಬದುಕುತ್ತದೆ ಅಂತ ಜನ ತಿಳಿದಿದ್ದಾರೆ. ಅಲ್ಲಿ ಜಾಗ ಹಿಡಿದ ದೊಡ್ಡ ಬೆಕ್ಕುಗಳಿವೆ, ನಾಯಿಗಳಿವೆ, ಮೀನಿನ ಲಾರಿಗಳಿವೆ. ತಾಯಿಯಿಲ್ಲದ ಮರಿ ಅಲ್ಲಿ ಎಷ್ಟು ದಿನ ಉಳಿದೀತು? ಇದು ನನಗೆ ನಿಜವಾಗಿಯೂ ಸಂಕಟದ ವಿಷಯ. ಬಿಳಿ, ಹಳದಿ ಮರಿಗಳನ್ನು ಯಾರಾದರೂ ಕೇಳಿ ಒಯ್ಯುತ್ತಾರೆ, ಕಪ್ಪು ಮರಿ ಉಳಿದುಬಿಡುತ್ತದೆ. ಪ್ರಾಣಿಯನ್ನು ಹಸಿವಿನಿಂದ ನರಳುವ ಹಾಗೆ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ತಪ್ಪು ಕೂಡ.

ಆದರೆ ಯಜಮಾನರ ಹತ್ತಿರ ಕಾನೂನು ಮಾತಾಡಬೇಡಿ, ಸುಮ್ನೆ ಹಟ ಜಾಸ್ತಿಯಾಗುತ್ತದೆ. ಬೆಕ್ಕಿದ್ದರೆ ಇಲಿ ಕಾಟ ಕಡಿಮೆ, ಮರಿಯ ಜವಾಬ್ದಾರಿ ನನ್ನದು ಎನ್ನಿ. ಪಶುವೈದ್ಯರಿಗೆ ತೋರಿಸಿ, ರೇಬಿಸ್ ಚುಚ್ಚುಮದ್ದು ಹಾಕಿಸಿ. ಐದಾರು ತಿಂಗಳಾದಾಗ ಸಂತಾನಹರಣ ಮಾಡಿಸಿದರೆ ಅಂಗಳದಲ್ಲಿ ಮರಿಗಳು ಹೆಚ್ಚುವ ಚಿಂತೆಯೂ ಅವರಿಗಿರುವುದಿಲ್ಲ. ಇನ್ನೊಂದು, ಕಪ್ಪು ಬೆಕ್ಕು ರಾತ್ರಿ ಕಣ್ಣಿಗೆ ಬೀಳುವುದಿಲ್ಲ. ಕಾರು ತೆಗೆಯುವ ಮೊದಲು ಅದರ ಕೆಳಗೆ ಒಮ್ಮೆ ಬಗ್ಗಿ ನೋಡಿ.