ಟವರ್ 1861 ಬಂದೂಕು ಯಾವ ಮಾದರಿ?

ಬಂದೂಕಿನ ಲಾಕ್ (ಗುಂಡು ಹಾರಿಸುವ ಯಂತ್ರ) ಕೂತಿರುವ ಪಕ್ಕದ ಲೋಹದ ತಗಡು, ಅಂದರೆ ಲಾಕ್ ಪ್ಲೇಟಿನ ಮೇಲೆ ‘ಟವರ್ 1861’ (ಟವರ್ ಅಂದರೆ ಲಂಡನ್ ಟವರ್ ಶಸ್ತ್ರಾಗಾರದ ಮುದ್ರೆ) ಅಂತಿದೆ, ಆದರೆ ತೋಟಾ ಹಿಂದಿನಿಂದ ತುಂಬುವಂತಿದೆ, ಇದು ಹೇಗೆ ಅಂತ ಕೇಳಿದ್ದೀರಿ. ಬಹುಶಃ ಅದು ಸ್ನೈಡರ್-ಎನ್‌ಫೀಲ್ಡ್ ಸಾರ್. 1853ರ ಮಾದರಿಯ ಎನ್‌ಫೀಲ್ಡ್‌ಗೆ ನಳಿಗೆಯ ಬಾಯಿಂದಲೇ ಮದ್ದುಗುಂಡು ತುಂಬಬೇಕಿತ್ತು. 1866ರಿಂದ ಬ್ರಿಟಿಷರು ಅವೇ ಹಳೆ ಬಂದೂಕುಗಳ ನಳಿಗೆಯ ಹಿಂಭಾಗ ಕತ್ತರಿಸಿ, ಬಲಕ್ಕೆ ಮಗುಚಿಕೊಳ್ಳುವ ಸ್ನೈಡರ್ ಬ್ರೀಚ್ (ತೋಟಾ ತುಂಬಲು ತೆರೆಯುವ ಹಿಂಭಾಗದ ಮುಚ್ಚಳ) ಕೂರಿಸಿದರು. ಲಾಕ್, ಮರ ಹಳೆಯವೇ. ಇಸವಿಯೂ ಹಾಗೇ ಉಳೀತು.

ಬ್ರೀಚಿನ ಎಡಬದಿ ನೋಡಿ. ಅಲ್ಲಿ ಒತ್ತುವ ಚಿಲಕ, ನಳಿಗೆಯ ಮೇಲೆ ‘ಸ್ಟೀಲ್’ ಎಂಬ ಮುದ್ರೆ ಎರಡೂ ಇದ್ದರೆ ಅದು ಮಾರ್ಕ್ 3 (ಸ್ನೈಡರ್‌ನ ಮೂರನೇ ಆವೃತ್ತಿ), ಹೊಸದಾಗಿಯೇ ತಯಾರಾದದ್ದು. ಹಾಗಿದ್ದರೆ 1861ರ ಲಾಕ್ ಬೇರೆ ಬಂದೂಕಿನಿಂದ ಬಂದಿರುವ ಸಾಧ್ಯತೆ ಹೆಚ್ಚು. ಫೋಟೋ ಹಾಕುವ ಮುಂಚೆ ಬ್ರಾಸೋ ಹಚ್ಚಿ ಉಜ್ಜಬೇಡಿ ಮಾರಾಯ್ರೇ, ಇರುವ ಮುದ್ರೆಗಳೂ ಅಳಿಸಿಹೋಗುತ್ತವೆ.