ಯುದ್ಧದ ಆಟಕ್ಕೆ ಯಾವ ಪಾಳಿ ಪದ್ಧತಿ ವಾಸ್ತವಕ್ಕೆ ಹತ್ತಿರ?

ವಿಜಯನಗರ ಮತ್ತು ಬಿಜಾಪುರದ ನಡುವೆ ನಡೆದ 1520ರ ರಾಯಚೂರು ಕದನದ ಮೇಲೆ ಬೋರ್ಡ್ ಗೇಮ್ ಮಾಡುತ್ತಿದ್ದೀರಿ. ಇಡೀ ಸೇನೆಯನ್ನು ಒಬ್ಬರಾದ ಮೇಲೊಬ್ಬರು ನಡೆಸಬೇಕೋ, ಒಂದೊಂದೇ ತುಕಡಿಯನ್ನು ನಡೆಸಬೇಕೋ, ಇಬ್ಬರೂ ಆಜ್ಞೆ ಬರೆದು ಒಮ್ಮೆಲೇ ತೆರೆಯಬೇಕೋ ಎಂದು ಕೇಳಿದ್ದೀರಿ. ರಾಯಚೂರಿನಲ್ಲೇ ಇರುವ ನಾನು ಇದೇ ಕದನವನ್ನು ಆಟವಾಗಿಸಲು ಹೋಗಿ, ಮೊದಲನೆಯ ಪದ್ಧತಿಯನ್ನು ಯೋಚಿಸದೆ ಆರಿಸಿಕೊಂಡು, ಬಹಳ ಕಾಲ ಕಳೆದುಕೊಂಡೆ.

ಡ್ರಾಯಿಂಗ್ ಹಾಳೆಯ ಮೇಲ್ತುದಿಗೆ ಕೃಷ್ಣಾ ನದಿ, ಕೆಳಗೆ ಕೋಟೆ, ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಾಡಿದ ತುಕಡಿಗಳು. ಯಾರ ಪಾಳಿ ಮೊದಲು ಬರುತ್ತಿತ್ತೋ ಅವರೇ ಗೆಲ್ಲುತ್ತಿದ್ದರು. ಲೆಕ್ಕ ನೋಡಿ: ಎರಡೂ ಕಡೆ 10 ತುಕಡಿಗಳಿವೆ, ಹೊಡೆತ ತಗಲುವ ಸಾಧ್ಯತೆ ಅರ್ಧ ಎನ್ನೋಣ. ಮೊದಲಿನವರು ಹೊಡೆದಾಗ ಸರಾಸರಿ 5 ಬೀಳುತ್ತವೆ, ಬಿದ್ದವು ತಿರುಗಿ ಹೊಡೆಯಲಾರವು. ಉಳಿದ 5 ಹೊಡೆದರೆ ಎದುರಿನವರ ಎರಡೋ ಮೂರೋ ಬೀಳುತ್ತವೆ, ಮರುಸುತ್ತಿಗೆ ಎರಡನೆಯವರ ಬಳಿ ಒಂದೆರಡು ತುಕಡಿ ಉಳಿದರೆ ಹೆಚ್ಚು. ದೋಷ ಪಾಳಿಯಲ್ಲಿದ್ದರೂ ನಾನು ಅದನ್ನು ದಾಳದಲ್ಲಿ ಹುಡುಕಿದೆ. ಎರಡನೆಯವರಿಗೆ ಕುದುರೆ ಪಡೆ ಹೆಚ್ಚಿಸಿದೆ, ಫಿರಂಗಿಯ ದೂರ ಕಡಿಮೆ ಮಾಡಿದೆ. ಪ್ರತಿ ತೇಪೆಯೂ ಇನ್ನೊಂದು ತೇಪೆಯನ್ನು ಬೇಡಿತು. ಚದುರಂಗವೂ ಪಾಳಿಯ ಆಟವೇ ಅಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅಲ್ಲಿ ಒಂದು ಪಾಳಿಗೆ ನಡೆಯುವುದು ಒಂದೇ ಕಾಯಿ, ಇಡೀ ಸೇನೆಯಲ್ಲ ಎಂಬುದು ಹೊಳೆಯಲೇ ಇಲ್ಲ.

ಆದ್ದರಿಂದ ಯಾವುದು ವಾಸ್ತವ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ತಿರುಗಿ ಹೊಡೆಯಲಾಗದೆ ಎದುರಾಳಿ ಎಷ್ಟು ಪೆಟ್ಟು ತಿನ್ನಬೇಕು ಎಂದು ಕೇಳಿಕೊಳ್ಳಿ. ಒಟ್ಟಿಗೆ ಆಜ್ಞೆ ತೆರೆಯುವುದು ನ್ಯಾಯವಾದದ್ದೇ. 1959ರ ‘ಡಿಪ್ಲೊಮಸಿ’ ಎಂಬ ಬೋರ್ಡ್ ಗೇಮ್‌ನಲ್ಲಿ ಅದು ಸಲೀಸಾಗಿ ನಡೆಯುವುದು ತುಕಡಿಗಳು ಕಡಿಮೆ, ದಾಳವೇ ಇಲ್ಲ ಎಂಬ ಕಾರಣಕ್ಕೆ. 1824ರಲ್ಲಿ ಪ್ರಶ್ಯದ ಸೇನೆಗಾಗಿ ರೈಸ್‌ವಿಟ್ಜ್ ರೂಪಿಸಿದ ‘ಕ್ರೀಗ್‌ಷ್ಪೀಲ್’ ಆಟದಲ್ಲಿ ಎರಡು ಪಕ್ಷಗಳ ಆಜ್ಞೆಗಳನ್ನು ಹೊಂದಿಸಲು ಮಧ್ಯಸ್ಥನೊಬ್ಬ ಬೇಕಾಗಿದ್ದ. ಮನೆಯಲ್ಲಿ ಇಬ್ಬರೇ ಕುಳಿತು ಮೂವತ್ತು ತುಕಡಿಗಳಿಗೆ ಆಜ್ಞೆ ಬರೆಯುತ್ತಾ ಹೋದರೆ ಆಟ ಮುಂದಕ್ಕೇ ಹೋಗುವುದಿಲ್ಲ.

ಒಂದೊಂದೇ ತುಕಡಿ ನಡೆಸುವ ಪದ್ಧತಿಯನ್ನೇ ಹಿಡಿಯಿರಿ. ಅದರಲ್ಲೂ ಒಂದು ತೊಡಕಿದೆ: ಹೆಚ್ಚು ತುಕಡಿಗಳಿರುವವರು ಮೊದಲು ಕೆಲಸಕ್ಕೆ ಬಾರದವನ್ನು ಸರಿಸುತ್ತಾ ಕಾದಿದ್ದು, ಕೊನೆಗೆ ಸಾಲಾಗಿ ಹೊಡೆಯುತ್ತಾರೆ. ಪ್ರತಿ ತುಕಡಿಗೆ ಒಂದರಂತೆ ಎರಡು ಬಣ್ಣದ ಬಿಲ್ಲೆಗಳನ್ನು ಚೀಲಕ್ಕೆ ಹಾಕಿ, ನೋಡದೆ ಒಂದೊಂದಾಗಿ ತೆಗೆಯುತ್ತಾ, ಯಾರ ಬಣ್ಣ ಬರುತ್ತದೋ ಅವರು ಒಂದು ತುಕಡಿ ನಡೆಸಲಿ.

ನಿಮ್ಮ ಕದನಕ್ಕೆ ಇನ್ನೊಂದು ನಿಯಮವೂ ಬೇಕು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿರುವಂತೆ, ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹನ ಫಿರಂಗಿಗಳು ಒಮ್ಮೆಲೇ ಸಿಡಿದು ವಿಜಯನಗರದ ಮುಂಚೂಣಿ ಚದುರಿತು. ಆಮೇಲೆ ಕೃಷ್ಣದೇವರಾಯ ತಾನೇ ಮುನ್ನುಗ್ಗಿ ಎದುರಾಳಿಗಳನ್ನು ನದಿಯವರೆಗೆ ಅಟ್ಟಿದ. ಆ ತಿರುಗೇಟು ನಿಮ್ಮ ಹಲಗೆಯ ಮೇಲೂ ಸಾಧ್ಯವಾಗಬೇಕಾದರೆ, ಒಮ್ಮೆ ಹಾರಿಸಿದ ಫಿರಂಗಿ ಮರುಸುತ್ತು ಪೂರ್ತಿ ಸುಮ್ಮನಿರಬೇಕು. ಪೆಟ್ಟು ತಿಂದ ತುಕಡಿಯನ್ನು ಕೂಡಲೇ ಎತ್ತಬೇಡಿ, ಮಗುಚಿ ಇಡಿ. ಅದು ಆ ಸುತ್ತಿನಲ್ಲಿ ತನ್ನ ಪಾಲಿನ ಹೊಡೆತ ಹೊಡೆದು, ಸುತ್ತು ಮುಗಿದ ಮೇಲೆ ಹಲಗೆ ಬಿಡಲಿ.